ಅಸೆಂಬಲ್ ಮಾಡಿದ ಪಿಸಿಯಲ್ಲಿ ಗೇಮ್ ಜಗ್ಗುತ್ತಿದೆ, ನಿಮ್ಮ ಅನುಭವ ಹೇಳಿ

ಹಾಸನದ ಹುಡುಗ: ಎಲ್ಲರಿಗೂ ನಮಸ್ಕಾರ. ನಾನೇ ಜೋಡಿಸಿದ ಪಿಸಿ. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಬಿ450 ಮದರ್‌ಬೋರ್ಡ್. ಮಾನಿಟರ್ 144 ಹರ್ಟ್ಸ್. ವ್ಯಾಲೊರಂಟ್ ಗೇಮ್‌ನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 90ಕ್ಕೆ ಬೀಳುತ್ತದೆ, ಚಿತ್ರ ಜಗ್ಗುತ್ತದೆ. ವಿಂಡೋಸ್, ಡ್ರೈವರ್ ಎರಡನ್ನೂ ಹೊಸದಾಗಿ ಹಾಕಿ ನೋಡಿದೆ. ಯಾರಿಗಾದರೂ ಹೀಗಾಗಿತ್ತಾ? ಹೇಗೆ ಸರಿಹೋಯಿತು?

ಕುಕ್ಕರಹಳ್ಳಿ: ರ‍್ಯಾಮ್, ಬೇರೇನೂ ಅಲ್ಲ. ನನ್ನದೂ ಒಂದೇ ಸ್ಟಿಕ್ ಇತ್ತು. ಡಬ್ಬದ ಮೇಲೆ ವೇಗ 3200 ಅಂತ ಬರೆದಿದ್ದರೂ ಟಾಸ್ಕ್ ಮ್ಯಾನೇಜರ್ 2400 ತೋರಿಸುತ್ತಿತ್ತು. ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಅನ್ನು ಡಬ್ಬದ ಮೇಲಿನ ವೇಗಕ್ಕೆ ಓಡಿಸುವ ಆಯ್ಕೆ, ಆನ್ ಮಾಡಿದೆ, ಸ್ವಲ್ಪ ಚೇತರಿಸಿಕೊಂಡಿತು. ಪೂರ್ತಿ ಸರಿಹೋಗಿದ್ದು ಜೋಡಿ ಹಾಕಿದ ಮೇಲೆಯೇ. ಅದೇ ಸ್ಪೀಡಿನ, ಅದೇ ಮಾಡೆಲ್ಲಿನ ಇನ್ನೊಂದು ಸ್ಟಿಕ್ ಸಿಗಲು ಅಂಗಡಿ ಅಂಗಡಿ ಅಲೆದೆ. 2,100 ರೂಪಾಯಿ ಆಯಿತು, ಕೊರಿಯರ್ 120 ಬೇರೆ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿದೆ. ಡ್ಯುಯಲ್ ಚಾನೆಲ್ (ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡುವುದು) ಆಗಿದ್ದೇ ತಡ, ಜಗ್ಗಾಟ ನಿಂತಿತು. ಆವರೇಜ್ ಎಫ್‌ಪಿಎಸ್ ನೋಡಬೇಡಿ, ಒನ್ ಪರ್ಸೆಂಟ್ ಲೋ (ತೀರಾ ನಿಧಾನವಾದ ಶೇಕಡ ಒಂದು ಫ್ರೇಮ್‌ಗಳ ಎಫ್‌ಪಿಎಸ್) ನೋಡಿ. ರೋಗ ಅಲ್ಲಿ ಕಾಣಿಸುತ್ತದೆ.

ಕಲಬುರಗಿ ಬಿಸಿಲು: ಎಲ್ಲಕ್ಕೂ ರ‍್ಯಾಮ್ ಅನ್ನೋದನ್ನ ಬಿಡಿ ಸರ್. ನನ್ನ ಪಿಸಿಯಲ್ಲಿ ಎರಡು ಸ್ಟಿಕ್ ಇದ್ದವು, ಎಕ್ಸ್‌ಎಂಪಿ ಆನ್ ಇತ್ತು, ಆದರೂ ಗೇಮ್ ಮುಗ್ಗರಿಸುತ್ತಿತ್ತು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ. ಕೇಸ್‌ನ ಮುಂಭಾಗ ಪೂರ್ತಿ ಗಾಜು, ಗಾಳಿಗೆ ದಾರಿ ಎಲ್ಲಿ? 5600ರ ಮಿತಿಯೇ 90 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸುತ್ತದೆ. ಕೂಲರ್ ಬಿಚ್ಚಿದೆ. ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಹಳೇ ಗೋಡೆಯ ಸುಣ್ಣದ ಹಾಗೆ ಉದುರಿತು. ಹೊಸ ಕೂಲರ್ 2,350, ಪೇಸ್ಟ್ 380, ಫ್ಯಾನ್ ತಲಾ 450ರಂತೆ ಮೂರು. ಆಮೇಲೂ ಅರ್ಧ ಗಂಟೆ ಆಡಿದರೆ ಕ್ಲಾಕ್ (ಪ್ರೊಸೆಸರ್ ವೇಗ) ಕುಸಿಯುತ್ತಿತ್ತು. ನೋಡಿದರೆ ಬೋರ್ಡ್‌ನ ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವ ಭಾಗ) ಮೇಲೆ ಬಿಸಿ ಹೀರುವ ಹೀಟ್‌ಸಿಂಕ್ ಇರಲಿಲ್ಲ, ಬೆರಳು ಇಡಲಾಗದಷ್ಟು ಬಿಸಿ. ಕೊನೆಗೆ ಬೋರ್ಡ್ ಬದಲಿಸಿದೆ, 8,700. ಅಂಗಡಿಯವನು ಹಳೆಯದಕ್ಕೆ 1,500 ಕೊಟ್ಟ. ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ.

ಕುಕ್ಕರಹಳ್ಳಿ: ಅವರು ಕೇಳಿದ್ದು ಹಾಸನದಿಂದ. ಅಲ್ಲಿ 42 ಡಿಗ್ರಿ ಎಲ್ಲಿದೆ?

ಕಲಬುರಗಿ ಬಿಸಿಲು: ಕೇಸ್ ಒಳಗೆ ಹಾಸನ, ಕಲಬುರಗಿ ಅಂತ ಇರಲ್ಲ ಸರ್. ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡು ಗೇಮ್ ನಡೆಯುವಾಗಲೇ ಟೆಂಪರೇಚರ್ ನೋಡಿ. ಸುಮ್ನೆ ರ‍್ಯಾಮ್ ಕೊಳ್ಳಿಸಬೇಡಿ. ಈಗ ಅದರ ರೇಟ್ ಎಷ್ಟಾಗಿದೆ ಗೊತ್ತಾ? ಎಐ ಸರ್ವರ್‌ಗಳಿಗೆ ಮೆಮೊರಿ ಹೋಗಿ 2025ರ ಕೊನೆಯಿಂದ ಬೆಲೆ ಕೈಗೆ ಸಿಗುತ್ತಿಲ್ಲ.

ತುಂಗಾ ತೀರ: ನನ್ನದು 5600ಜಿ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್, ಜೊತೆಗೆ ಬೇರೆ ಗ್ರಾಫಿಕ್ಸ್ ಕಾರ್ಡ್. ಜೋಡಿಸಿಕೊಟ್ಟ ಅಂಗಡಿಯವರು ಎಚ್‌ಡಿಎಂಐ ಕೇಬಲ್ಲನ್ನು ಬೋರ್ಡ್‌ಗೆ ಚುಚ್ಚಿದ್ದರು. 24,000 ಕೊಟ್ಟ ಕಾರ್ಡ್ ಕೆಲಸವಿಲ್ಲದೆ ಕೂತಿತ್ತು, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮೇಲೆ ಗೇಮ್ ಓಡುತ್ತಿತ್ತು. ಕೇಳಿದರೆ 'ಚೆಕ್ ಮಾಡಲು 600 ರೂಪಾಯಿ' ಅಂದರು. ಕೊಡಲಿಲ್ಲ. ನಾನೇ ಹಿಂದೆ ಬಗ್ಗಿ ನೋಡಿದೆ. ಕಾರ್ಡ್‌ನ ಅಡ್ಡ ಸಾಲಿನ ಪೋರ್ಟ್‌ಗಳು ಖಾಲಿ, ರಬ್ಬರ್ ಮುಚ್ಚಳ ಕೂಡ ತೆಗೆದಿರಲಿಲ್ಲ. ಅಂಗಡಿಯವರ ಕೈಗೆ ಪಿಸಿ ಕೊಡಲೇಬಾರದು.

ಎಸ್‌ಪಿ ರೋಡ್ ಗೆಳೆಯ: ಒಬ್ಬರು ಕೆಟ್ಟದಾಗಿ ಮಾಡಿದರೆ ಎಲ್ಲ ಅಂಗಡಿಯವರೂ ಹಾಗೇನಾ? ನಾನು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ವರ್ಷಗಳಿಂದ ಕೊಳ್ಳುತ್ತಿದ್ದೇನೆ. ಪವರ್ ಸಪ್ಲೈ ಹೋದಾಗ ಅಂಗಡಿಯವರು ಅಂದೇ ಬದಲಿ ಕೊಟ್ಟರು. ಆನ್‌ಲೈನ್‌ನಲ್ಲಿ ತಗೊಂಡ ನನ್ನ ತಮ್ಮ ತಿಂಗಳುಗಟ್ಟಲೆ ಕಾದ.

ತುಂಗಾ ತೀರ: ಜಿಎಸ್‌ಟಿ ಬಿಲ್ ಕೊಟ್ಟರಾ? ಬಿಲ್ ಬೇಕು ಅಂದರೆ 18% ಜಾಸ್ತಿ ಅನ್ನುತ್ತಾರಲ್ಲ.

ಎಸ್‌ಪಿ ರೋಡ್ ಗೆಳೆಯ: ನಾನು ಯಾವತ್ತೂ ಬಿಲ್ ಇಲ್ಲದೆ ತಗೊಂಡಿಲ್ಲ. ನೀವು ಕೇಳದಿದ್ದರೆ ಅದು ನಿಮ್ಮ ವಿಷಯ.

ಹಾಸನದ ಹುಡುಗ: ಸರ್, ಟಾಸ್ಕ್ ಮ್ಯಾನೇಜರ್‌ನಲ್ಲಿ 2400 ಅಂತಲೇ ಇದೆ. ನನ್ನ ಬೋರ್ಡ್‌ನಲ್ಲಿ ಎರಡೇ ಸ್ಲಾಟ್. ಮೊದಲು ಎಕ್ಸ್‌ಎಂಪಿ ಆನ್ ಮಾಡಿ ನೋಡಲಾ?

ಕುಕ್ಕರಹಳ್ಳಿ: ಹೇಳಲಿಲ್ವಾ! ಕಲಬುರಗಿಯವರು ಈಗ ಏನಂತಾರೆ?

ಕಲಬುರಗಿ ಬಿಸಿಲು: ಟೆಂಪರೇಚರ್ ಹಾಕಲಿ, ಆಮೇಲೆ ಮಾತಾಡ್ತೀನಿ. ಮತ್ತೆ ತುಂಗಾ ತೀರ ಅವರೇ, 18% ಉಳಿಸೋಕೆ ಹೋಗಿ ಬಿಲ್ ಬಿಟ್ಟವನು ನಾನಲ್ಲ, ಬಿಲ್ ಇದ್ದರೂ ನನ್ನ ಹಳೇ ಬೋರ್ಡ್‌ಗೆ ವಾರಂಟಿ ಸಿಗಲಿಲ್ಲ.