ನೆರಿಟಾ ಎಣಿಕೆ: ಒಂದೇ ಬಂಡೆ, ಎರಡು ಲೆಕ್ಕ ಬರುವುದೇಕೆ?

ಪಾದೆಕಲ್ಲು (ಪ್ರಶ್ನೆ):
ಸೋಮೇಶ್ವರ ಕಡಲತೀರದ ಬಂಡೆಗಳಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಂದ ನೆರಿಟಾ ಬಸವನಹುಳುಗಳನ್ನು ಎಣಿಸಬೇಕಿದೆ. 50 ಸೆಂ.ಮೀ. ಬದಿಯ ಚೌಕಟ್ಟನ್ನು ಬಂಡೆಯ ಮೇಲಿಟ್ಟು ಒಳಗೆ ಸಿಕ್ಕವನ್ನು ಎಣಿಸುತ್ತಿದ್ದೇವೆ. ಒಂದೇ ಬಂಡೆಗೆ ಎರಡು ತಂಡಗಳ ಲೆಕ್ಕ ಅಜಗಜಾಂತರ. ಕಪ್ಪು, ಬೂದು, ಪಟ್ಟೆಯವು ಬೇರೆ ಬೇರೆ ಜಾತಿಗಳೇ? ಬಕೆಟ್ಟಿನಲ್ಲಿ ಲ್ಯಾಬಿಗೆ ತಂದು ಅಳೆಯಬಹುದೇ?

ಇಳಿತದ ಹೊತ್ತು (ಉತ್ತರ):
ಬಣ್ಣವನ್ನು ನಂಬಬೇಡಿ ಸರ್. ಒಂದೇ ಜಾತಿಯೊಳಗೆ ಆ ಮೂರೂ ಸಿಗುತ್ತವೆ. ಚಿಪ್ಪನ್ನು ಮಗುಚಿ ಬಾಯಿ ನೋಡಿ. ನೆರಿಟಾದ ಬಾಯಿ ಅರ್ಧಚಂದ್ರಾಕಾರ, ನೇರ ಅಂಚಿನಲ್ಲಿ ಅಗಲವಾದ ಚಪ್ಪಟೆ ತುಟಿ. ಮುಚ್ಚಳ ಸುಣ್ಣದ್ದು, ಗಟ್ಟಿ; ಅದರ ಒಳಮಗ್ಗುಲಿನ ಗೂಟ ತುಟಿಯ ಹಿಂದೆ ಸಿಕ್ಕಿಕೊಂಡು ಅಗುಳಿ ಹಾಕಿದಂತೆ ಕೂರುತ್ತದೆ. ತುಟಿಯ ಮೇಲೆ ಸಣ್ಣ ಗುಳ್ಳೆಗಳಿದ್ದು, ಮುಚ್ಚಳವೂ ತರಿತರಿಯಾಗಿದ್ದು, ಚಿಪ್ಪಿನ ತುದಿ ಮೇಲೇಳದೆ ಚಪ್ಪಟೆಯಾಗಿದ್ದರೆ ನೆರಿಟಾ ಆಲ್ಬಿಸಿಲ್ಲಾ ಎಂದು ಮೊದಲು ಯೋಚಿಸಿ. ಇದು ಹೆಚ್ಚಾಗಿ ಕಲ್ಲಿನ ಅಡಿಯಲ್ಲಿರುತ್ತದೆ.

ಮಕ್ಕಳು ಎಡವುವುದು ಟರ್ಬೊ ಎಂಬ ಇನ್ನೊಂದು ಬಸವನಹುಳುವಿನಲ್ಲಿ. ಅದಕ್ಕೂ ಸುಣ್ಣದ ಮುಚ್ಚಳವಿದೆ. ಆದರೆ ಬಾಯಿ, ಮುಚ್ಚಳ ಎರಡೂ ದುಂಡು, ಗೂಟವಿಲ್ಲ. ಥೈಸ್ ಎಂಬ ಮತ್ತೊಂದರ ಚಿಪ್ಪಿನ ಮೇಲೆ ಗಂಟುಗಳು, ಬಾಯಿಯ ತುದಿಯಲ್ಲಿ ಕಚ್ಚು, ಮುಚ್ಚಳ ತೆಳುವಾದ ಕಂದು ಪದರ. ನೆರಿಟಾ ಬಂಡೆಯ ಪಾಚಿ ಕೆರೆದು ತಿಂದರೆ, ಥೈಸ್ ಬಂಡೆಗೆ ಅಂಟಿ ಬದುಕುವ ಬಾರ್ನಕಲ್ಲನ್ನೂ ಚಿಪ್ಪುಮೀನನ್ನೂ ಕೊರೆದು ತಿನ್ನುತ್ತದೆ. ಎರಡನ್ನೂ ಒಂದೇ ಕಾಲಂಗೆ ಹಾಕಿದರೆ ಲೆಕ್ಕಕ್ಕೆ ಅರ್ಥವಿಲ್ಲ. ಅತಿ ಮೇಲಿನ ಒಣ ಬಂಡೆಯಲ್ಲಿ ಕಾಣುವ ಚೂಪು ತುದಿಯ ಪುಟ್ಟವು ಲಿಟರೀನಾ ಬಳಗದವು.

ಇನ್ನೊಂದು: ಚಿಪ್ಪು ಸರಸರನೆ ಓಡಿದರೆ ಒಳಗಿರುವುದು ಸನ್ಯಾಸಿ ಏಡಿ. ನೆರಿಟಾ ತನ್ನ ಚಿಪ್ಪಿನ ಒಳಗೋಡೆಗಳನ್ನು ತಾನೇ ಕರಗಿಸಿಕೊಳ್ಳುತ್ತದೆ, ಹಾಗಾಗಿ ಒಳಗೆ ಜಾಗ ಧಾರಾಳ. ಬದುಕಿದ್ದಾಗ ಅಲ್ಲಿ ನೀರು ಹಿಡಿದಿಟ್ಟುಕೊಂಡು ಬಿಸಿಲು ತಡೆಯುತ್ತದೆ. ಸತ್ತ ಮೇಲೆ ಏಡಿಗೆ ಮನೆ. ಸುಣ್ಣದ ಮುಚ್ಚಳ ಕಂಡರೆ ಮಾತ್ರ ಎಣಿಸಿ.

ಚೌಕಟ್ಟು (ಇನ್ನೊಬ್ಬರ ಉತ್ತರ):
ಎರಡು ಲೆಕ್ಕ ಬರಲು ಮುಖ್ಯ ಕಾರಣ ಬಿರುಕುಗಳು. ಹಗಲಿನ ಇಳಿತದಲ್ಲಿ ನೆರಿಟಾಗಳು ಅಲ್ಲಿನ ನೆರಳಿಗೆ ಸೇರಿ ಗುಂಪುಗಟ್ಟುತ್ತವೆ. ಬಿರುಕಿನ ಮೇಲೆ ಚೌಕಟ್ಟಿಟ್ಟ ತಂಡಕ್ಕೆ ಹತ್ತಾರು, ಬರಿ ಬಂಡೆಯಲ್ಲಿಟ್ಟವರಿಗೆ ಸೊನ್ನೆ. ಉಬ್ಬುತಗ್ಗಿನ ಬಂಡೆಗೆ 50 ಸೆಂ.ಮೀ. ಚೌಕಟ್ಟು ಸರಿಯಾಗಿ ಕೂರುವುದೂ ಇಲ್ಲ. 25 ಸೆಂ.ಮೀ.ದು ಮಾಡಿಕೊಳ್ಳಿ, ಸಿಕ್ಕ ಸಂಖ್ಯೆಯನ್ನು 16ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ (50ರದ್ದಾದರೆ 4ರಿಂದ). ನೀರಿನಂಚಿಗೆ ಸಮಾನಾಂತರವಾಗಿ ಮೇಲೆ, ನಡುವೆ, ಕೆಳಗೆ ಒಂದೊಂದು ಟೇಪು ಎಳೆದು, ಪ್ರತಿ ಮಟ್ಟದಲ್ಲಿ ಕನಿಷ್ಠ 10 ಚೌಕಟ್ಟು. ಎಲ್ಲಿಡಬೇಕೆಂಬುದನ್ನು ಮನೆಯಲ್ಲೇ ಚೀಟಿ ಎತ್ತಿ ಬರೆದುಕೊಂಡು ಹೋಗಿ. ಕಣ್ಣಳತೆಗೆ ಬಿಟ್ಟರೆ ಕೈ ತಾನಾಗಿ ಹುಳು ಇರುವ ಕಡೆಗೇ ಹೋಗುತ್ತದೆ. ಬಿರುಕು ಮತ್ತು ಬಯಲು ಬಂಡೆಗೆ ಬೇರೆ ಬೇರೆ ಹಾಳೆ.

ಹೊತ್ತೂ ಒಂದೇ ಇರಬೇಕು. ಬಂಡೆ ಒದ್ದೆಯಿದ್ದಾಗ ಹೊರಬಂದು ಮೇಯುವ ಹುಳು ಒಣಗಿದಾಗ ಅಡಗುತ್ತದೆ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಒಂದೆರಡು ದಿನದಲ್ಲಿ, ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಎರಡೂ ತಂಡ ಶುರುಮಾಡಲಿ. ಮರುದಿನ ಇಳಿತ ಸುಮಾರು 50 ನಿಮಿಷ ತಡ.

ಮಗುಚಿದ ಕಲ್ಲನ್ನು ಅದೇ ಮಗ್ಗುಲಿಗೆ ಮತ್ತೆ ಕೂರಿಸಿ. ಇಲ್ಲವಾದರೆ ಅಡಿಯ ಜೀವಿಗಳು ಬಿಸಿಲಿಗೆ ಸಾಯುತ್ತವೆ, ಮುಂದಿನ ತಿಂಗಳ ನಿಮ್ಮ ಲೆಕ್ಕವೂ ಕೆಡುತ್ತದೆ.

ಪಾದೆಕಲ್ಲು:
ತುಂಬಾ ಉಪಯೋಗವಾಯಿತು. ಕುಳಿಗಳಲ್ಲಿ ಬಿಳಿ ಚುಕ್ಕಿಗಳಿವೆ, ಎಳೆ ಬಾರ್ನಕಲ್ಲೇ?

ಇಳಿತದ ಹೊತ್ತು:
ಲೆನ್ಸಿನಲ್ಲಿ ನೋಡಿ. ಫಲಕಗಳು ಜೋಡಿಸಿಕೊಂಡಿದ್ದು ನಡುವೆ ಸೀಳು ಕಂಡರೆ ಬಾರ್ನಕಲ್. ನಯವಾದ ಅಂಡಾಕಾರದ, ಒಂದೆರಡು ಮಿ.ಮೀ. ಉದ್ದದ ಗುಳಿಗೆಯಾದರೆ ನೆರಿಟಾದ ಮೊಟ್ಟೆಕೋಶ. ಒಂದರೊಳಗೆ ಹಲವು ಮೊಟ್ಟೆ. ಒಡೆದಾಗ ಈಜುವ ಮರಿಗಳು ಕಡಲಿಗೆ ಹೋಗುತ್ತವೆ, ಬುಡದ ಬಿಳಿ ಉಂಗುರ ಬಂಡೆಯಲ್ಲೇ ಉಳಿಯುತ್ತದೆ.

ಚೌಕಟ್ಟು:
ಬಕೆಟ್ ಬೇಡ. ಮುಚ್ಚಿದ, ಅಲುಗದ ನೀರು ಬೇಗ ಬಿಸಿಯಾಗಿ ಆಮ್ಲಜನಕ ಕಳೆದುಕೊಳ್ಳುತ್ತದೆ. ಒಯ್ಯಲೇಬೇಕೆಂದರೆ ಕಡಲ ನೀರಿನಲ್ಲಿ ಅದ್ದಿದ ಗೋಣಿಬಟ್ಟೆ ವಾಸಿ. ವರ್ನಿಯರ್ ಕ್ಯಾಲಿಪರಿನಲ್ಲಿ ಅಲ್ಲೇ ಅಳೆದು ಬಿಡುವುದು ಎಲ್ಲಕ್ಕಿಂತ ಸುಲಭ. ಎತ್ತುವುದಾದರೆ ಒಂದೇ ಏಟಿಗೆ ಪಕ್ಕಕ್ಕೆ ಜಾರಿಸಿ. ಬಿಗಿಹಿಡಿದುಕೊಂಡಿದ್ದನ್ನು ಮೀಟಿದರೆ ಪಾದ ಹರಿಯುತ್ತದೆ. ಗುರುತಿಗೆ ಉಗುರುಬಣ್ಣ ಸಾಕು, ಆದರೆ ಚಿಪ್ಪು ಚೆನ್ನಾಗಿ ಒರೆಸಿರಬೇಕು, ಒದ್ದೆಗೆ ಹಚ್ಚಿದ್ದು ಎದ್ದುಹೋಗುತ್ತದೆ.

ಶಂಕುವಿನಾಕಾರದ, ಸೀಳಿನಂಥ ಬಾಯಿಯ ಚಿಪ್ಪನ್ನು ಯಾರೂ ಕೈಯಲ್ಲಿ ಎತ್ತಬಾರದು. ಅಂಥದು ಕೋನಸ್ ಎಂಬ ಬಸವನಹುಳು, ಅದಕ್ಕೆ ವಿಷದ ಮುಳ್ಳಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬಂಡೆಗಳ ಮೇಲೆ ಮಕ್ಕಳನ್ನು ಇಳಿಸಲೇಬೇಡಿ. ಉಳಿದ ದಿನಗಳಲ್ಲೂ ಒಬ್ಬರಿಗೆ ಎಣಿಕೆ ಕೊಡದೆ, ಅಲೆ ನೋಡುವ ಕೆಲಸವನ್ನಷ್ಟೇ ಕೊಡಿ.