ಸಮಸ್ಯೆ: ಮುತ್ತೊಂದು ಹುಟ್ಟಿತ್ತು ಗಾಯದೊಳಗೆ

ಸಹೃದಯರೇ, ಮೇಲಿನದು ಈ ಬಾರಿಯ ಸಮಸ್ಯಾಪಾದ, ಎಂದರೆ ಮೇಲ್ನೋಟಕ್ಕೆ ವಿರೋಧ ತೋರುವ ಸಾಲು; ಉಳಿದ ಸಾಲುಗಳನ್ನು ತುಂಬಿ ಆ ವಿರೋಧವನ್ನು ಬಿಡಿಸುವುದೇ ಪೂರಣ. ಐದೈದು ಮಾತ್ರೆಯ ಗಣಗಳ ಚೌಪದಿಯಲ್ಲಿ ಇದು ಕೊನೆಯ ಸಾಲಾಗಬೇಕು, ಆದಿಪ್ರಾಸ, ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ, ‘ತ್ತ’ಕಾರ.

ಪ್ರೇಮಗೀತೆಯಲ್ಲಿ ಮುತ್ತು ಬಂದೊಡನೆ ಹೊತ್ತು, ಮತ್ತು, ಗಮ್ಮತ್ತುಗಳು ತಾವಾಗಿ ಓಡಿಬರುತ್ತವೆ. ಆ ಸಲೀಸಿನಲ್ಲಿ ಮುತ್ತಿನ ಉರಿ ಕಳೆದುಹೋಗುತ್ತದೆ ಎಂಬುದು ನನ್ನ ಕೊರಗು. ತುಟಿಯ ಗಾಯ ಕಾವ್ಯಕ್ಕೆ ಹೊಸದಲ್ಲ. 9ನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನನು ಧ್ವನಿಗೆ, ಎಂದರೆ ಮಾತು ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥಕ್ಕೆ, ಉದಾಹರಿಸುವ ಪ್ರಾಕೃತ ಪದ್ಯವೊಂದರಲ್ಲಿ, ನಲ್ಲೆಯ ಗಾಯಗೊಂಡ ತುಟಿಯನ್ನು ಕಂಡು ಮುನಿಯಬಹುದಾದ ಗಂಡನಿಗೆ ಕೇಳುವಂತೆ ಸಖಿಯು, ದುಂಬಿಯಿದ್ದ ತಾವರೆಯನ್ನು ಮೂಸಬೇಡವೆಂದರೂ ನೀನು ಕೇಳಲಿಲ್ಲ, ಈಗ ಅನುಭವಿಸು ಎಂದು ಗದರುತ್ತಾಳೆ. ದುಂಬಿ ಬರಿಯ ನೆಪ; ಅಲ್ಲಿ ಮುತ್ತಿನಿಂದ ಗಾಯ. ನಮ್ಮ ಪಾದದಲ್ಲಿ ಗಾಯದಿಂದ ಮುತ್ತು. ಈ ತಿರುವನ್ನು ಬಿಡಿಸಬೇಕು.

ಚುಂಬನವನ್ನೂ ಕಡಲ ಮಣಿಯನ್ನೂ ಕನ್ನಡ ಒಂದೇ ಪದದಿಂದ ಕರೆಯುವುದರಿಂದ ಮೊದಲ ದಾರಿ ಸುಲಭ:

ಎತ್ತಣದೊ ಹುಳುವೊಂದು ಚಿಪ್ಪಿನೊಳಗನು ಕೊರೆಯೆ
ಸುತ್ತ ಹೊಳಪನೆ ಹೊದಿಸಿ ನೋವನಪ್ಪಿ
ಕತ್ತಲಿನ ಕಡಲಡಿಯ ಮೌನದಲಿ ಮಾಗುತಿರೆ
ಮುತ್ತೊಂದು ಹುಟ್ಟಿತ್ತು ಗಾಯದೊಳಗೆ

ಚಿಪ್ಪಿನ ಮೆದುಮೈಯನ್ನು ಹೊಕ್ಕ ಪರಜೀವಿಯ ಸುತ್ತ ಪದರದ ಮೇಲೆ ಪದರವಾಗಿ ಹೊಳಪು ಕಟ್ಟಿ ಮುತ್ತಾಗುವುದುಂಟು; ಆದ್ದರಿಂದ ಈ ಪೂರಣದಲ್ಲಿ ವಿರೋಧವು ನಿಜವಾಗಿಯೇ ಕರಗುತ್ತದೆ. ಆದರೂ ಇಲ್ಲಿ ಪ್ರೇಮಿಗಳಿಲ್ಲ, ಅವರನ್ನು ಓದುಗನೇ ತರಬೇಕು. ಅದಕ್ಕೇ ಇನ್ನೊಂದು:

ಹೊತ್ತು ಮೀರಿತು ಎಂದು ಬಾಗಿಲಲಿ ನಿಂತವನ
ಕತ್ತು ಬಳಸಿದ ತೋಳು ಸಡಿಲವಾಗೆ
ಅತ್ತ ಕಣ್ಣಿನ ಉಪ್ಪು ಒಡೆದ ತುಟಿಗಿಳಿದುರಿಯೆ
ಮುತ್ತೊಂದು ಹುಟ್ಟಿತ್ತು ಗಾಯದೊಳಗೆ

ಒಡೆದ ತುಟಿಗೆ ಕಣ್ಣೀರು ತಗುಲಿದಾಗಿನ ಆ ಚುರುಕು ಉರಿಯನ್ನು ಬಲ್ಲವರಿಗೆ ಮೂರನೆಯ ಸಾಲನ್ನು ವಿವರಿಸಬೇಕಿಲ್ಲ. ಅಗಲಿಕೆಯ ಮುತ್ತು ಸುಖದ ಮುತ್ತಿಗಿಂತ ಹೆಚ್ಚು ಹೊತ್ತು ತುಟಿಯಲ್ಲಿ ಉಳಿಯುವುದು ಈ ಉಪ್ಪಿನಿಂದಲೇ ಎಂದು ನಾನು ನಂಬಿದ್ದೇನೆ. ಹಾಡಿನಲ್ಲಿಯೂ ಅಷ್ಟೆ, ‘ವಿರಹ’ ಎಂಬ ಪದವನ್ನು ಹತ್ತು ಬಾರಿ ಹೇಳಿದರೂ ಒಂದು ಹನಿ ಉಪ್ಪಿಗೆ ಸಾಟಿಯಾಗದು.

ಈ ಎರಡನೆಯ ಪೂರಣ ಉಳಿದವಳ ಕಡೆಯಿಂದಲೇ ನೋಡಿದೆ. ಬಾಗಿಲಲ್ಲಿ ನಿಂತವನ ದನಿಯಲ್ಲಿ ಈ ಪಾದ ಇನ್ನೂ ತುಂಬಿಲ್ಲ. ಅವನ ಗಾಯವನ್ನು ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.