ಅಮ್ಮನ ಫೀಲ್ಡ್ ಟೆಸ್ಟ್ ರಿಪೋರ್ಟ್ ಪೂರ್ತಿ ಕಪ್ಪು ಬಂದಿದೆ, ಪೊರೆಯಿಂದ ಹೀಗಾಗುತ್ತದಾ?

ಮಗಳು:
ಅಮ್ಮನಿಗೆ 71 ವರ್ಷ. ಎರಡೂ ಕಣ್ಣಲ್ಲಿ ಪೊರೆ ಇದೆ, ಬಲಗಣ್ಣಲ್ಲಿ ಹೆಚ್ಚು. ಕಣ್ಣಿನ ಒತ್ತಡ 24 ಬಂದಿದ್ದರಿಂದ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆಯೋ ಏನೋ ನೋಡೋಣ ಎಂದು ಡಾಕ್ಟರು ಹಂಫ್ರಿ ಮೆಷಿನ್‌ನಲ್ಲಿ ಫೀಲ್ಡ್ ಟೆಸ್ಟ್ (ಚುಕ್ಕಿ ಬೆಳಕು ತೋರಿಸಿ ಸುತ್ತಲಿನ ನೋಟ ಅಳೆಯುವುದು) ಮಾಡಿಸಿದರು. ಬಲಗಣ್ಣಿನ ಚಿತ್ರ ಮಸಿ ಬಳಿದ ಹಾಗಿದೆ, ಎಂಡಿ −9 ಅಂತಿದೆ. ಡಾಕ್ಟರು ಸಿಗುವುದು ಮುಂದಿನ ವಾರ. ಅಮ್ಮ ಅವತ್ತಿನಿಂದ "ಅರ್ಧಕ್ಕರ್ಧ ಚುಕ್ಕಿ ಕಾಣಲೇ ಇಲ್ಲ ಕಣೆ, ಕಣ್ಣು ಹೋಯ್ತು" ಅಂತ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾರೆ. ಪೊರೆ ಇರುವವರಿಗೆ ಈ ಟೆಸ್ಟ್ ಮಾಡಿಸಿದವರು ಅನುಭವ ಹೇಳಿ. ಆಪರೇಷನ್‌ಗೆ ಮೊದಲು ಇದನ್ನು ಮಾಡಿಸಿ ಪ್ರಯೋಜನ ಇದೆಯಾ?

ಆರು ಸಲ ಮಾಡಿಸಿಕೊಂಡವನು:
ಮೊದಲು ಅಮ್ಮನಿಗೆ ಒಂದು ವಿಷಯ ಹೇಳಿಬಿಡಿ ತಾಯಿ. ಅರ್ಧದಷ್ಟು ಚುಕ್ಕಿ ಯಾರಿಗೂ ಕಾಣುವುದಿಲ್ಲ. ಕಂಡಿತು ಎಂದು ಗುಂಡಿ ಒತ್ತಿದ ಜಾಗದಲ್ಲಿ ಮೆಷಿನ್ ಮುಂದಿನ ಸಲ ಇನ್ನೂ ಮಂಕು ಚುಕ್ಕಿ ತೋರಿಸುತ್ತದೆ, ಒತ್ತದಿದ್ದರೆ ಸ್ವಲ್ಪ ಪ್ರಖರ ಮಾಡುತ್ತದೆ. ಕಂಡೂ ಕಾಣದ ಗಡಿ ಎಲ್ಲಿದೆ ಎಂದು ಹುಡುಕುವುದೇ ಅದರ ಕೆಲಸ. ಹದ್ದಿನ ಕಣ್ಣಿನವರನ್ನು ಕೂರಿಸಿದರೂ ಕಾಣದ ಚುಕ್ಕಿ ತೋರಿಸಿಯೇ ತೀರುತ್ತದೆ.

ನನ್ನ ಮೊದಲ ಟೆಸ್ಟ್ ನೆನೆದರೆ ಈಗಲೂ ನಗು ಬರುತ್ತದೆ. ಗಲ್ಲ ಊರಿ, ಹಣೆ ಒತ್ತಿ, ಬಿಳಿ ಬೋಗುಣಿಯಂಥ ಗೋಳದೊಳಗೆ ನಡುವಿನ ಹಳದಿ ದೀಪವನ್ನೇ ನೋಡುತ್ತಿರಬೇಕು. ನನಗೋ ಚುಕ್ಕಿ ತಪ್ಪಿಹೋಗುತ್ತದೆ ಎಂಬ ಗಾಬರಿ. ಕಣ್ಣು ಆ ಕಡೆ ಈ ಕಡೆ ಓಡಾಡಿಸಿದೆ. ಚುಕ್ಕಿ ಬರುವ ಮೊದಲೇ ಟಪಟಪ ಗುಂಡಿ ಒತ್ತಿದೆ. ರಿಪೋರ್ಟ್ ನಂಬುವ ಹಾಗಿಲ್ಲ ಎಂದು ಇನ್ನೊಂದು ದಿನ ಬರಹೇಳಿದರು. ಎರಡನೆಯ ಸಲ ಎಷ್ಟೋ ಮೇಲು. ಮೊದಲ ಒಂದೆರಡು ಟೆಸ್ಟ್ ಅಭ್ಯಾಸಕ್ಕೇ ಹೋಗುತ್ತವೆ, ಅದರಲ್ಲೂ ವಯಸ್ಸಾದವರಿಗೆ. ಆಯಾಸವಾದರೆ ಗುಂಡಿಯನ್ನು ಒತ್ತಿಯೇ ಹಿಡಿದರೆ ಟೆಸ್ಟ್ ನಿಲ್ಲುತ್ತದೆ, ಬಿಟ್ಟರೆ ಮುಂದುವರಿಯುತ್ತದೆ. ಇದನ್ನು ನನಗೆ ಹೇಳಿದ್ದು ನಾಲ್ಕನೇ ಸಲಕ್ಕೆ!

ಟೆಸ್ಟ್ ಮಾಡಿಸುವವಳು (ಆಪ್ಟೋಮೆಟ್ರಿಸ್ಟ್):
ಅಕ್ಕಾ, ದೊಡ್ಡದಾಗಿ ಕಾಣುವ ಬೂದು-ಕಪ್ಪು ಚಿತ್ರ ನೋಡಿ ಹೆದರಬೇಡಿ. ಹೆದರಿಸುವುದರಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ರಿಪೋರ್ಟಿನ ಕೆಳಗಡೆ ಪುಟ್ಟ ಚೌಕಗಳ ಎರಡು ನಕ್ಷೆ ಅಕ್ಕಪಕ್ಕ ಇರುತ್ತವೆ, ಅವನ್ನು ನೋಡಿ. ಎಡಗಡೆಯದು ಟೋಟಲ್ ಡೀವಿಯೇಷನ್: ಅದೇ ವಯಸ್ಸಿನ ಆರೋಗ್ಯವಂತ ಕಣ್ಣಿಗೆ ಹೋಲಿಸಿದರೆ ಒಂದೊಂದು ಜಾಗದಲ್ಲಿ ಎಷ್ಟು ಕಡಿಮೆ ಎಂಬುದು. ಎಂಡಿ ಅಂದರೆ ಆ ಕೊರತೆಯ ಸರಾಸರಿ. ಪೊರೆ ಇದ್ದರೆ ಒಳಗೆ ಹೋಗುವ ಬೆಳಕು ಚದುರುತ್ತದೆ, ಸಾಮಾನ್ಯವಾಗಿ ಇಡೀ ನೋಟ ಒಟ್ಟಿಗೆ ಮಂಕಾಗುತ್ತದೆ, ಎಡ ನಕ್ಷೆ ತುಂಬ ಕಪ್ಪು. ಈ ಅಂಕೆಗಳ ಅಳತೆ ಡೆಸಿಬೆಲ್; 3 ಡೆಸಿಬೆಲ್ ಇಳಿದರೆ ಚುಕ್ಕಿ ಎರಡರಷ್ಟು ಪ್ರಖರ ಇರಬೇಕು ಅಂತ ಲೆಕ್ಕ. ಹಾಗಾಗಿ −9 ಸಣ್ಣದೇನಲ್ಲ, ಆದರೆ ಅದರಲ್ಲಿ ಪೊರೆಯ ಪಾಲೆಷ್ಟು, ನರದ ಪಾಲೆಷ್ಟು ಎಂದು ಆ ಒಂದು ಅಂಕೆ ಹೇಳುವುದಿಲ್ಲ.

ಬಲಗಡೆಯದು ಪ್ಯಾಟರ್ನ್ ಡೀವಿಯೇಷನ್. ಎಲ್ಲ ಕಡೆ ಒಂದೇ ಸಮ ಇಳಿದಿದ್ದನ್ನು ಕಳೆದು, ಅದಾದ ಮೇಲೂ ಹಳ್ಳ ಬಿದ್ದಂತೆ ಉಳಿದ ಜಾಗಗಳನ್ನು ತೋರಿಸುತ್ತದೆ. ಎಡ ಪೂರ್ತಿ ಕಪ್ಪಿದ್ದು ಬಲ ಹೆಚ್ಚುಕಡಿಮೆ ಖಾಲಿ ಇದ್ದರೆ ಪೊರೆಯ ಮೇಲೆ ಅನುಮಾನ. ಬಲದಲ್ಲಿ ಕಮಾನಿನ ಹಾಗೆ, ಇಲ್ಲವೇ ಮೂಗಿನ ಕಡೆ ಅಡ್ಡಗೆರೆಗೆ ಬಂದು ನಿಂತ ಹಾಗೆ ಕಪ್ಪು ಉಳಿದಿದ್ದರೆ ಗ್ಲಾಕೋಮಾ ನೋಡಬೇಕು. ಗ್ಲಾಕೋಮಾ ತೀರಾ ಮುಂದುವರಿದ ಕಣ್ಣಲ್ಲಿ ಮಾತ್ರ ಈ ಉಪಾಯ ಕೈಕೊಡುತ್ತದೆ. ಕಳೆದು ನೋಡಲು ಚೆನ್ನಾಗಿರುವ ಜಾಗವೇ ಉಳಿದಿರುವುದಿಲ್ಲ.

ನಮ್ಮ ಕಡೆಯಿಂದ ಆಗುವ ತಪ್ಪುಗಳೂ ಇವೆ, ಮುಚ್ಚಿಟ್ಟು ಏನು ಮಾಡಲಿ. ಗೋಳ ಹತ್ತಿರ ಇರುವುದರಿಂದ ಆ ದೂರಕ್ಕೆ ಸರಿಯಾದ ಪವರ್ ಲೆನ್ಸ್ ಹಾಕಬೇಕು. ಲೆನ್ಸ್ ಕಣ್ಣಿಂದ ದೂರ ಉಳಿದರೆ ಅದರ ಅಂಚೇ ಅಡ್ಡಬಂದು ಸುತ್ತ ಕಪ್ಪು ಬರುತ್ತದೆ. ಪಾಪೆ ತುಂಬ ಚಿಕ್ಕದಿದ್ದರೆ ಪೊರೆಯ ಮಂಕು ಇನ್ನೂ ಹೆಚ್ಚುತ್ತದೆ. ಹಾಗಂತ ಒಂದು ಸಲ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ, ಇನ್ನೊಂದು ಸಲ ಹಾಕದೆ ಮಾಡಿ ಎರಡನ್ನೂ ಹೋಲಿಸಬಾರದು.

ಸೊಸೆ:
ನಮ್ಮ ಮಾವನವರದು ಉಲ್ಟಾ ಕಥೆ, ಅದಕ್ಕೇ ಬರೆಯುತ್ತಿದ್ದೇನೆ. ರಿಪೋರ್ಟ್ ಕಪ್ಪು ಬಂದಾಗ ಮನೆಯವರೆಲ್ಲ "ಪೊರೆ ಇದೆಯಲ್ಲ, ಅದಕ್ಕೇ" ಎಂದು ನಾವೇ ತೀರ್ಮಾನ ಮಾಡಿ ಒಂದೂವರೆ ವರ್ಷ ತಳ್ಳಿದೆವು. ಪೊರೆ ತೆಗೆಸಿದ ಮೇಲೆ ಮತ್ತೆ ಟೆಸ್ಟ್. ಎಂಡಿ −11ರಿಂದ −6ಕ್ಕೆ ಬಂತು, ಮಂಕೆಲ್ಲ ಹೋಯಿತು, ಆದರೆ ಮೇಲ್ಭಾಗದಲ್ಲಿ ಒಂದು ಕಮಾನು ಅಚ್ಚೊತ್ತಿದಂತೆ ಉಳಿಯಿತು. ಪಿಎಸ್‌ಡಿ ಎಂಬ, ನೋಟ ಜಾಗದಿಂದ ಜಾಗಕ್ಕೆ ಎಷ್ಟು ಏರುಪೇರಾಗಿದೆ ಎಂದು ಹೇಳುವ ಅಂಕೆಯಂತೂ ಮೊದಲಿಗಿಂತ ಏರಿತ್ತು. ಆಪರೇಷನ್ ಕೆಟ್ಟಿತೇನೋ ಎಂದು ನಾನು ನಡುಗಿದೆ. ಮಂಜು ಹರಿದ ಮೇಲೆ ಹಳ್ಳ ಸ್ಪಷ್ಟ ಕಾಣುತ್ತದಲ್ಲ, ಹಾಗೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಗ್ಲಾಕೋಮಾ ಮೊದಲೇ ಇತ್ತು, ಪೊರೆಯ ಹಿಂದೆ ಅಡಗಿತ್ತು. ಆದ್ದರಿಂದ ಪೊರೆ ಎಂದು ಕೈಬಿಡಬೇಡಿ ಅಕ್ಕಾ. ಒತ್ತಡ 24 ಇದೆ ಅಂದಿರಿ, ನರ ಹೇಗಿದೆ ಎಂದು ಡಾಕ್ಟರನ್ನು ಬಿಡದೆ ಕೇಳಿ.

ಇನ್ನೊಂದು. ಆಪರೇಷನ್ ಆದಮೇಲೆ ಕಣ್ಣಿನ ಪವರ್ ಬದಲಾಗಿರುತ್ತದೆ. ಮಾವನವರಿಗೆ ಮೊದಲ ಸಲ ಹಳೆಯ ಪವರ್ ಲೆನ್ಸನ್ನೇ ಹಾಕಿ ಕೂರಿಸಿಬಿಟ್ಟಿದ್ದರು, ನಾನೂ ಬಾಯಿಬಿಡಲಿಲ್ಲ. ನೀವು ಹೇಳಿ.

ಟೆಸ್ಟ್ ಮಾಡಿಸುವವಳು:
ಸರಿಯಾಗಿ ಹೇಳಿದಿರಿ. ಆಪರೇಷನ್‌ಗೆ ಮೊದಲಿನ ರಿಪೋರ್ಟ್ ದಂಡವಲ್ಲ. ಗ್ಲಾಕೋಮಾ ಇದೆ ಎಂದು ಗೊತ್ತಾದರೆ ಚಿಕಿತ್ಸೆಯ ಯೋಜನೆಯೇ ಬದಲಾಗಬಹುದು, ಪೊರೆ ತೆಗೆದರೂ ಎಷ್ಟು ನೋಟ ಬರಬಹುದು ಎಂಬ ಅಂದಾಜೂ ಸಿಗುತ್ತದೆ. ಆಪರೇಷನ್ ಆಗಿ ಕಣ್ಣು ಸುಧಾರಿಸಿದ ಮೇಲೆ ಹೊಸದಾಗಿ ಮಾಡಿಸಿ, ಮುಂದಿನ ಹೋಲಿಕೆಗೆಲ್ಲ ಅದನ್ನೇ ಆಧಾರ ಇಟ್ಟುಕೊಳ್ಳುತ್ತೇವೆ.

ಮಗಳು:
ರಿಪೋರ್ಟ್ ಈಗ ತೆಗೆದು ನೋಡಿದೆ. ಎಡ ನಕ್ಷೆ ಪೂರ್ತಿ ಕಪ್ಪು. ಬಲದಲ್ಲಿ ತೀರಾ ಮೇಲಿನ ಸಾಲಿನಲ್ಲಿ ನಾಲ್ಕು ಚೌಕ ಮಾತ್ರ. ಫಿಕ್ಸೇಷನ್ ಲಾಸ್ 8/14.

ಟೆಸ್ಟ್ ಮಾಡಿಸುವವಳು:
14 ಸಲ ಪರೀಕ್ಷಿಸಿದ್ದರಲ್ಲಿ 8 ಸಲ ನೋಟ ಕದಲಿದೆ ಅಂದರೆ ಅಮ್ಮ ನಡುವಿನ ದೀಪ ಬಿಟ್ಟು ಚುಕ್ಕಿ ಹುಡುಕಿದ್ದಾರೆ ಅನ್ನಿಸುತ್ತದೆ. 20 ಪರ್ಸೆಂಟ್ ದಾಟಿದರೇ ಮೆಷಿನ್ ಗುರುತು ಹಾಕುತ್ತದೆ. ಮೇಲಿನ ಸಾಲು ಮಾತ್ರ ಅಂದರೆ ರೆಪ್ಪೆ ಅಡ್ಡ ಬಂದಿರಬಹುದು. ಜೋತುಬಿದ್ದಿದೆಯಾ? ಟೇಪ್ ಹಾಕಿ ಎತ್ತಿ ಹಿಡಿದಿದ್ದರಾ? ಕಾಗದ ಮಾತ್ರ ನೋಡಿ ನಾನು ಇಷ್ಟೇ ಹೇಳಬಲ್ಲೆ. ಇನ್ನೊಂದು ಸಲ ಮಾಡಬಹುದಾ ಎಂದು ಡಾಕ್ಟರನ್ನೇ ಕೇಳಿ.

ಮಗಳು:
ಟೇಪ್ ಹಾಕಿರಲಿಲ್ಲ, ರೆಪ್ಪೆ ಜೋತುಬಿದ್ದಿರುವುದು ನಿಜ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಸಮಾಧಾನ ಆಗುತ್ತದೆ ಅಂದುಕೊಂಡರೆ ಈಗ ಮೆಷಿನ್ ಮೇಲೆ ಸಿಟ್ಟು: "ಅರ್ಧ ಕಾಣದ ಹಾಗೇ ಮಾಡಿಟ್ಟಿರೋದು ಅಂತ ಕೂರಿಸೋ ಮೊದಲೇ ಒಂದು ಮಾತು ಹೇಳಬಾರದಾಗಿತ್ತಾ?"